ಅಡಿಗಿ ಯಾರು ಮಾಡ್ತಾರ?

2006ರ ನವೆಂಬರ್ ತಿಂಗಳ ಒಂದು ಮಧ್ಯಾಹ್ನ. ಲಂಡನ್ನಿನ ಯೂಸ್ಟನ್ ರೈಲು ನಿಲ್ದಾಣದ ಪಕ್ಕದ ಡ್ರಮಂಡ್ ಬೀದಿಯಲ್ಲಿ ನನಗೊಂದು ಸಣ್ಣ ಹೋಟೆಲು ಸಿಕ್ಕಿತು. ಹುಡುಕಿಕೊಂಡು ಹೋದದ್ದಲ್ಲ. ಮಳೆ ಬರುತ್ತಿತ್ತು, ಬಸ್ಸಿನ ಕಾಸು ಉಳಿಸಲು ನಡೆದು ಹೊರಟಿದ್ದೆ, ಸಾಸಿವೆ ಕರಿಬೇವು ಸಿಡಿದ ವಾಸನೆ ಬಂತು. ನಿಂತು ಕಿಟಕಿಗೆ ಅಂಟಿಸಿದ್ದ ದರಪಟ್ಟಿ ಓದಿದೆ. ಆಗ ಒಂದು ಪೌಂಡ್ ಎಂದರೆ 80 ರೂಪಾಯಿಗೂ ಮೇಲೆ. ಏನನ್ನು ಕೊಳ್ಳುವಾಗಲೂ ಮನಸ್ಸಿನಲ್ಲೇ ಗುಣಾಕಾರ ಮಾಡುವ ಚಟ ನನಗೆ ಅಂಟಿಕೊಂಡಿತ್ತು. ಅನ್ನ, ಬೇಳೆ, ಎರಡು ಪಲ್ಯ, ಮೊಸರು, ಎಷ್ಟು ಬೇಕಾದರೂ ಬಡಿಸಿಕೊಳ್ಳಬಹುದು. ಬೆಲೆ ನನ್ನ ಕೈಗೆ ಎಟುಕುವಂತಿತ್ತು. ಎರಡು ತಿಂಗಳಿಂದ ಬ್ರೆಡ್ಡು, ಬೇಯಿಸಿದ ಹುರುಳಿಯ ಡಬ್ಬಿಗಳ ಮೇಲೆ ಬದುಕಿದ್ದ ನಾನು ಒಳಗೆ ಹೋಗಿ ಮೂರು ಸಲ ಅನ್ನ ಹಾಕಿಸಿಕೊಂಡೆ.

ಅಂದು ರಾತ್ರಿ ಸಿರುಗುಪ್ಪಕ್ಕೆ ಫೋನು ಮಾಡಿ ಅವ್ವನಿಗೆ ಸುದ್ದಿ ಹೇಳಿದೆ. ಅವಳಿಗೆ ಖುಷಿಯಾಯಿತು. 'ಅನ್ನ ಸಿಕ್ತಲ್ಲ ಬಿಡು' ಅಂದಳು. ಸಿರುಗುಪ್ಪ ಭತ್ತದ ಸೀಮೆ. ತುಂಗಭದ್ರೆಯ ದಂಡೆ, ಸೋನಾ ಮಸೂರಿ, ಸಾಲು ಸಾಲು ಅಕ್ಕಿ ಗಿರಣಿ. ಅಲ್ಲಿ ಹುಟ್ಟಿದವನು ಅನ್ನಕ್ಕೆ ಹಾತೊರೆಯುತ್ತಾನೆ ಎಂಬುದೇ ಅವಳಿಗೆ ಸಂಕಟದ ಮಾತಾಗಿತ್ತು. ಆಮೇಲೆ ಕೇಳಿದಳು: 'ಅಡಿಗಿ ಯಾರು ಮಾಡ್ತಾರಪ್ಪ ಅಲ್ಲಿ?'

ನನಗೆ ಆ ಪ್ರಶ್ನೆಯ ಅರ್ಥ ಗೊತ್ತಿತ್ತು. ಬಡಿಸಿದವನು ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವನು ಎಂಬುದೂ ಗೊತ್ತಿತ್ತು, ಅವನೇ ಹೇಳಿದ್ದ. ಊಟದ ಹೊತ್ತು ಮುಗಿದ ಮೇಲೆ ಅವನು ಮೂಲೆಯ ಮೇಜಿನಲ್ಲಿ ಕೂತು ಮನೆಯಿಂದ ತಂದ ಡಬ್ಬಿಯ ಮೀನಿನ ಸಾರು, ಅನ್ನ ಕಲಸಿ ತಿನ್ನುತ್ತಿದ್ದುದನ್ನೂ ನೋಡಿದ್ದೆ. ಆದರೆ ಅವ್ವನಿಗೆ 'ನಮ್ಮ ಕಡಿಯೋರೇ' ಎಂದು ಹೇಳಿ ಮಾತು ಬದಲಿಸಿದೆ. ಆ ಸಣ್ಣ ಸುಳ್ಳು ನನ್ನನ್ನು ಬಹಳ ವರ್ಷ ಕಾಡಿತು. ಈ ಬರಹ ಒಂದು ರೀತಿಯಲ್ಲಿ ಅದರ ತನಿಖೆ. ಪರದೇಶದಲ್ಲಿ ಬಡವನ ಕೈಗೆ ಎಟುಕುವ ನಮ್ಮ ಊಟ ಹೇಗೆ ಹುಟ್ಟಿತು, ಅದನ್ನು ಯಾರು ಹುಟ್ಟಿಸಿದರು, ಅಲ್ಲಿ ಯಾರು ಯಾರ ಪಕ್ಕ ಕೂತರು ಎಂಬ ಪ್ರಶ್ನೆಗಳು ಅಲ್ಲಿಂದ ಶುರುವಾದವು.

ಲಂಡನ್ನಿನಲ್ಲಿ ಭಾರತೀಯನೊಬ್ಬ ತೆರೆದ ಮೊದಲ ಭೋಜನಶಾಲೆ ಎಂದು ಗುರುತಿಸಲಾಗುವುದು ಹಿಂದೂಸ್ತಾನಿ ಕಾಫಿ ಹೌಸ್. 1810ರಲ್ಲಿ ಪೋರ್ಟ್‌ಮನ್ ಚೌಕದ ಹತ್ತಿರ, ಜಾರ್ಜ್ ಬೀದಿಯಲ್ಲಿ ಅದನ್ನು ತೆರೆದವನು ಪಾಟ್ನಾದಲ್ಲಿ ಹುಟ್ಟಿ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದು, ಐರ್ಲೆಂಡಿನ ಹೆಣ್ಣನ್ನು ಮದುವೆಯಾಗಿ ನೆಲೆಸಿದ್ದ ದೀನ್ ಮಹಮದ್. ಬಿದಿರಿನ ಕುರ್ಚಿ, ಹುಕ್ಕಾ, ಮಸಾಲೆಯ ಅಡುಗೆ, ಎಲ್ಲವೂ ಇದ್ದವು. ಆದರೆ ಅದು ನನ್ನಂಥವನ ಜಾಗವಲ್ಲ. ಭಾರತದಲ್ಲಿ ದುಡ್ಡು ಮಾಡಿಕೊಂಡು ವಾಪಸಾದ, ಅಲ್ಲಿಯ ರುಚಿಯನ್ನು ಮರೆಯಲಾಗದ ಕಂಪನಿ ಸಾಹೇಬರಿಗಾಗಿ ಇದ್ದದ್ದು. ನಮ್ಮ ಬಳ್ಳಾರಿ 1800ರಲ್ಲಿ ಕಂಪನಿಯ ಕೈಗೆ ಹೋಗಿತ್ತು. ನಿಜಾಮ ಬಿಟ್ಟುಕೊಟ್ಟ ಸೀಮೆಗೆ ಥಾಮಸ್ ಮನ್ರೋ ಕಲೆಕ್ಟರನಾಗಿ ಬಂದ, ಬಳ್ಳಾರಿಯಲ್ಲಿ ದಂಡು ನೆಲೆಯೂರಿತು, ದಂಡಿನ ಜೊತೆ ಕೌಲ್ ಬಜಾರ್ ಬೆಳೆಯಿತು. ಇಂಥ ದಂಡಿನೂರುಗಳಲ್ಲಿ ಅಡುಗೆಭಟ್ಟರ ಕೈರುಚಿ ಉಂಡು ಮರಳಿದವರೇ ದೀನ್ ಮಹಮದನ ಗಿರಾಕಿಗಳು. ಅವರಲ್ಲಿ ಬಹಳ ಮಂದಿಗೆ ಮನೆಯಲ್ಲೇ ಅಡುಗೆಯವರಿದ್ದರು. 1812ರ ಹೊತ್ತಿಗೆ ದೀನ್ ಮಹಮದ್ ದಿವಾಳಿಯಾದ.

ಅದಾಗಿ 100 ವರ್ಷದ ಮೇಲೆ, 1926ರಲ್ಲಿ, ರೀಜೆಂಟ್ ಬೀದಿಯಲ್ಲಿ ವೀರಸ್ವಾಮಿ ಎಂಬ ಹೆಸರಿನ ರೆಸ್ಟೋರೆಂಟು ಬಂತು. ಅದು ದಶಕಗಳ ಕಾಲ ಬದುಕಿ ಬಂತು. ಅದೂ ಶ್ರೀಮಂತರ ಮನೆಯೇ. ಹಾಗೆ ನೋಡಿದರೆ ಪರದೇಶದಲ್ಲಿ ನಮ್ಮ ಊಟದ ಮೊದಲ ಚರಿತ್ರೆ ನಮ್ಮ ಹಸಿವಿನದಲ್ಲ, ಸಾಹೇಬರ ನೆನಪಿನದು.

ಹಸಿದ ವಿದ್ಯಾರ್ಥಿಗಳು ಆಗ ಏನು ತಿನ್ನುತ್ತಿದ್ದರು? ಇದಕ್ಕೆ ಸಿಗುವ ಅತ್ಯುತ್ತಮ ಸಾಕ್ಷಿ ಗಾಂಧೀಜಿಯದು. 1888ರಲ್ಲಿ ಕಾನೂನು ಓದಲು ಲಂಡನ್ನಿಗೆ ಹೊರಟಾಗ ಅವರಿಗೆ 18ರ ಹರೆಯ. ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದರು. ಬೋರ್ಡಿಂಗ್ ಮನೆಯ ಬೇಯಿಸಿದ ಸೊಪ್ಪು ತರಕಾರಿಗೆ ಉಪ್ಪು ಖಾರವಿರಲಿಲ್ಲ. ಇನ್ನೆರಡು ತುಂಡು ಬ್ರೆಡ್ ಕೇಳಲು ನಾಚಿಕೆ. ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆದು, ಅಗ್ಗದ ಹೋಟೆಲುಗಳಲ್ಲಿ ಬ್ರೆಡ್ಡಿನಿಂದ ಹೊಟ್ಟೆ ತುಂಬಿಸಿ, ತೃಪ್ತಿಯಿಲ್ಲದೆ ವಾಪಸಾಗುತ್ತಿದ್ದರು. ಹೀಗೆ ಅಲೆಯುತ್ತಿದ್ದಾಗ ಒಂದು ದಿನ ಫ್ಯಾರಿಂಗ್ಡನ್ ಬೀದಿಯಲ್ಲಿ ಸಸ್ಯಾಹಾರಿ ರೆಸ್ಟೋರೆಂಟೊಂದು ಕಣ್ಣಿಗೆ ಬಿತ್ತು. ಇಂಗ್ಲೆಂಡಿಗೆ ಬಂದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡದ್ದು ಅಲ್ಲಿ ಎಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಅಲ್ಲಿಯೇ ಮಾರಾಟಕ್ಕಿಟ್ಟಿದ್ದ ಹೆನ್ರಿ ಸಾಲ್ಟ್ ಅವರ ಸಸ್ಯಾಹಾರದ ಪುಸ್ತಕವನ್ನು ಒಂದು ಶಿಲ್ಲಿಂಗ್ ಕೊಟ್ಟು ಕೊಂಡರು. ಮುಂದೆ ಒಂದೇ ಕೋಣೆ ಹಿಡಿದು, ಬೆಳಿಗ್ಗೆ ಓಟ್ಸ್ ಗಂಜಿ, ರಾತ್ರಿ ಬ್ರೆಡ್ಡು ಕೋಕೋ ಮಾಡಿಕೊಂಡು, ಊಟದ ಖರ್ಚನ್ನು ದಿನಕ್ಕೆ ಒಂದು ಶಿಲ್ಲಿಂಗ್ ಮೂರು ಪೆನ್ಸಿಗೆ ಇಳಿಸಿದರು.

ಈ ಪುಟಗಳನ್ನು ನಾನು ಮೊದಲು ಓದಿದ್ದು ಬಳ್ಳಾರಿಯಲ್ಲಿ ಕಾಲೇಜು ಓದುವಾಗ. ಆಗ ಅವು ಸತ್ಯ ಮತ್ತು ವ್ರತದ ಪುಟಗಳಾಗಿ ಕಂಡಿದ್ದವು. ಲಂಡನ್ನಿನಲ್ಲಿ ಮತ್ತೆ ಓದಿದಾಗ ಅದು ದರಪಟ್ಟಿ ಓದುತ್ತ ಬೀದಿ ಅಲೆದ ಹುಡುಗನ ಕತೆಯಾಗಿ ಕಂಡಿತು. 1921ರ ಅಕ್ಟೋಬರಿನಲ್ಲಿ ಗಾಂಧೀಜಿ ಬಳ್ಳಾರಿಗೆ ಬಂದು ರೈಲು ನಿಲ್ದಾಣದಲ್ಲಿ ತಂಗಿದ್ದರೆಂಬುದನ್ನು ನಮ್ಮೂರವರು ಹೆಮ್ಮೆಯಿಂದ ಹೇಳುತ್ತಾರೆ. ನಾನು ಅದೇ ನಿಲ್ದಾಣದಿಂದ ಹೊರಟು ಅವರು ಅಲೆದ ಊರಿಗೆ ಹೋಗಿದ್ದೆ.

ಆದರೆ ಗಾಂಧೀಜಿಯ ಸಮಸ್ಯೆ ವ್ರತ ಮತ್ತು ಬೆಲೆಯದು. ಇನ್ನೊಬ್ಬ ವಿದ್ಯಾರ್ಥಿಯನ್ನು ಪಕ್ಕದಲ್ಲಿಟ್ಟು ನೋಡದೆ ಈ ಚರಿತ್ರೆ ಪೂರ್ತಿಯಾಗುವುದಿಲ್ಲ. 1913ರಿಂದ 1917ರವರೆಗೆ ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿದ ಅಂಬೇಡ್ಕರ್, ವಿದ್ಯಾರ್ಥಿವೇತನದ ಕರಾರಿನಂತೆ ಕೆಲಸ ಮಾಡಲು ಬರೋಡಾಕ್ಕೆ ಬಂದರು. ಅಲ್ಲಿ ಅವರಿಗೆ ಉಳಿಯಲು ಜಾಗವಿರಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿ ವಸತಿಗೃಹವೊಂದರಲ್ಲಿ ಉಳಿದರು. 11ನೇ ದಿನ ಕೋಲು ಹಿಡಿದ ಗುಂಪೊಂದು ಬಂದು ಅವರನ್ನು ಹೊರಗೆ ಹಾಕಿತು. ಕಿಸೆಯಲ್ಲಿ ಸಂಬಳವಿತ್ತು, ಆದರೆ ಬಾಗಿಲು ಮುಚ್ಚಿತ್ತು. 1920ರಲ್ಲಿ ಮತ್ತೆ ಲಂಡನ್ನಿಗೆ ಹೋದಾಗ ಸಂಗತಿ ತಿರುಗುಮುರುಗು. ಬಾಗಿಲು ತೆರೆದಿತ್ತು, ಕಿಸೆ ಖಾಲಿ. ಮಧ್ಯಾಹ್ನದ ಊಟ ಬಿಟ್ಟು ಗ್ರಂಥಾಲಯದಲ್ಲಿ ಕೂರುತ್ತಿದ್ದರು. ರಾತ್ರಿ ಹಸಿವು ಕಾಡಿದರೆ ಪರಿಚಯದವರೊಬ್ಬರು ಕೊಟ್ಟಿದ್ದ ಹಪ್ಪಳದ ಕಟ್ಟಿನಿಂದ ನಾಲ್ಕು ಸುಟ್ಟು ತಿನ್ನುತ್ತಿದ್ದರು ಎಂದು ಅವರ ಜೀವನಚರಿತ್ರೆ ಹೇಳುತ್ತದೆ.

ಬೆಲೆ ಒಂದು, ಬಾಗಿಲು ಇನ್ನೊಂದು. ಅಗ್ಗದ ಹೋಟೆಲು ಎಂದಾಗ ನಾವು ಬೆಲೆಯನ್ನು ಮಾತ್ರ ನೋಡುತ್ತೇವೆ. ಬಾಗಿಲು ನಮಗೆ ತೆರೆದೇ ಇದ್ದರೆ ಅದೊಂದು ಸಂಗತಿ ಎಂದು ಅನ್ನಿಸುವುದೂ ಇಲ್ಲ.

ಊರಿನ ಕಡೆ ತಿರುಗಿ ನೋಡೋಣ. ನಮ್ಮ ಸೀಮೆಯಲ್ಲಿ ಪರಸ್ಥಳದವನ ಹೊಟ್ಟೆ ತುಂಬಿಸುವ ವ್ಯವಸ್ಥೆ ಹಳೆಯದು. ಅಜ್ಜಿಯ ಊರು ಕುರುಗೋಡು. 12ನೇ ಶತಮಾನದಲ್ಲಿ ಸಿಂದ ಅರಸರು ಆಳಿದ ಊರು. ಏಕಶಿಲೆಯ ದೊಡ್ಡಬಸವಣ್ಣನ ಗುಡಿ ಅಲ್ಲಿನ ಗುರುತು. ಜಾತ್ರೆಯ ದಿನ ದಾಸೋಹದಲ್ಲಿ ಕೂತರೆ 'ನೀನ್ಯಾರು' ಎಂದು ಕೇಳದೆ ಬಡಿಸಬೇಕು. ಅದೇ ಶತಮಾನದ ಶರಣರು ದಾಸೋಹಕ್ಕೆ ಕೊಟ್ಟ ಅರ್ಥ ಅದು. ಆದರೆ ಗುಡಿಯ ದಾಸೋಹದ ಅರ್ಥ ಊರಿನ ಬೀದಿಯ ಊಟಕ್ಕೆ ಇಳಿಯಲಿಲ್ಲ. ಬಳ್ಳಾರಿಯ ಪೇಟೆಗೆ ಹತ್ತಿ, ಭತ್ತ, ಶೇಂಗಾ ಹಾಕಿಕೊಂಡು ಬಂದ ರೈತರಿಗೆ, ಕೋರ್ಟಿಗೆ ಬಂದವರಿಗೆ, ಕೋಣೆ ಮಾಡಿಕೊಂಡು ಓದುವ ಹುಡುಗರಿಗೆ ಖಾನಾವಳಿಗಳಿದ್ದವು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಕೊನೆಗೆ ಅನ್ನ ಸಾರು. ಬೆಲೆ ಕಡಿಮೆಯೇ. ಆದರೆ ಎಷ್ಟೋ ಖಾನಾವಳಿಗಳ ಬೋರ್ಡಿನ ಮೇಲೆ ದೇವರ ಹೆಸರಿನ ಜೊತೆಗೆ ಜಾತಿಯ ಹೆಸರೂ ಇರುತ್ತಿತ್ತು. ಅವ್ವನ ಪ್ರಶ್ನೆಗೆ ಬೋರ್ಡೇ ಉತ್ತರ ಕೊಡುತ್ತಿತ್ತು.

ಕರಾವಳಿಯ ಉಡುಪಿ ಹೋಟೆಲುಗಳ ಕತೆಯೂ ಹೀಗೆಯೇ ಎರಡು ಮುಖದ್ದು. ಒಂದು ಮುಖ ನಿಜಕ್ಕೂ ದೊಡ್ಡದು. ಬಡ ಹುಡುಗರು ಊರು ಬಿಟ್ಟು, ಅನ್ಯರ ಊರಲ್ಲಿ ಒರಳು ತಿರುವಿ, ಪಾತ್ರೆ ತೊಳೆದು, ಕೊನೆಗೆ ತಮ್ಮದೇ ಹೋಟೆಲು ಕಟ್ಟಿದರು. ಅಡುಗೆಮನೆಯ ಕೆಲಸಗಾರನಾಗಿ ಮದರಾಸಿಗೆ ಹೋದ ಕೆ. ಕೃಷ್ಣರಾವ್ 1938ರಲ್ಲಿ ವುಡ್‌ಲ್ಯಾಂಡ್ಸ್ ಶುರು ಮಾಡಿದರು. ಮುಂಬಯಿಯ ಮಾಟುಂಗದಲ್ಲಿ ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ದಕ್ಷಿಣದಿಂದ ಬಂದ ಗುಮಾಸ್ತರು, ಬ್ರಹ್ಮಚಾರಿಗಳು ಕಡಿಮೆ ದುಡ್ಡಿನಲ್ಲಿ ಮನೆಯೂಟದಂಥ ಊಟ ಮಾಡುವ ಜಾಗ ಅದಾಯಿತು. ಮುಂಬಯಿಯ ಹೋಟೆಲುಗಳಲ್ಲಿ ದುಡಿದ ಮಾಣಿಗಳು ಹಗಲು ತಟ್ಟೆ ಎತ್ತಿ, ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಅವರಲ್ಲಿ ವಕೀಲರು, ಲೇಖಕರು, ಹೋಟೆಲು ಮಾಲೀಕರು ಆದವರಿದ್ದಾರೆ. ಅವರೂ ಪರದೇಶಕ್ಕೆ ಹೋದವರೇ, ಪಾಸ್‌ಪೋರ್ಟು ಮಾತ್ರ ಇರಲಿಲ್ಲ.

ಇನ್ನೊಂದು ಮುಖ ಬೋರ್ಡಿನದು. ಬೆಂಗಳೂರಿನ ಎಂ.ಟಿ.ಆರ್. 1924ರಲ್ಲಿ ಶುರುವಾದದ್ದು ಬ್ರಾಹ್ಮಣ ಕಾಫಿ ಕ್ಲಬ್ ಎಂಬ ಹೆಸರಿನಲ್ಲಿ. ಆ ಕಾಲದ ಹೋಟೆಲುಗಳ ಹೆಸರುಗಳಲ್ಲಿ ಇದು ವಿಶೇಷವೇನಲ್ಲ. ಅದರ ಯಜ್ಞನಾರಾಯಣ ಮಯ್ಯ 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳು ಹೇಗೆ ನಡೆಯುತ್ತವೆಂದು ನೋಡಿಕೊಂಡು ಬಂದರು. ತಟ್ಟೆ ಲೋಟಗಳನ್ನು ಹಬೆಯಲ್ಲಿ ಶುದ್ಧಗೊಳಿಸುವುದು, ಗಿರಾಕಿಗಳಿಗೆ ಅಡುಗೆಮನೆಯನ್ನು ತೋರಿಸುವುದು ಶುರುವಾಯಿತು. 1960ರ ಹೊತ್ತಿಗೆ ಹೆಸರು ಮಾವಳ್ಳಿ ಟಿಫಿನ್ ರೂಮ್ಸ್ ಆಗಿತ್ತು. ನನಗೆ ಈ ಪ್ರಸಂಗ ಬಹಳ ಇಷ್ಟ. 'ಅಡುಗೆ ಯಾರು ಮಾಡಿದ್ದು' ಎಂಬ ಪ್ರಶ್ನೆ 'ಅಡುಗೆಮನೆ ಎಷ್ಟು ಚೊಕ್ಕಟ' ಎಂಬ ಪ್ರಶ್ನೆಯಾಗಿ ಬದಲಾಗುವುದನ್ನು ಇದರಲ್ಲಿ ಕಾಣಬಹುದು. ಒಂದಕ್ಕೆ ಉತ್ತರ ಹುಟ್ಟಿನಲ್ಲಿದೆ, ಇನ್ನೊಂದಕ್ಕೆ ಕೆಲಸದಲ್ಲಿ.

ಎಲ್ಲೆಡೆ ಬದಲಾವಣೆ ಇಷ್ಟು ಸೌಮ್ಯವಾಗಿ ಬರಲಿಲ್ಲ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಬಳ್ಳಾರಿ ಮದರಾಸಿಗೆ ಸೇರಿತ್ತು. ಆ ಪ್ರಾಂತ್ಯದಲ್ಲಿ ರೈಲು ನಿಲ್ದಾಣದ ಊಟದ ಕೋಣೆಗಳಲ್ಲೂ ಬ್ರಾಹ್ಮಣರಿಗೆ ಬೇರೆ, ಉಳಿದವರಿಗೆ ಬೇರೆ ಜಾಗವಿರುತ್ತಿತ್ತು. ಪೆರಿಯಾರ್ ಮತ್ತು ಅವರ ಸಂಗಾತಿಗಳು ಇದರ ವಿರುದ್ಧ ನಡೆಸಿದ ಹೋರಾಟದಿಂದ 1941ರಲ್ಲಿ ರೈಲ್ವೆ ಈ ಭೇದವನ್ನು ಕೈಬಿಟ್ಟಿತು. 1957ರಲ್ಲಿಯೂ ಮದರಾಸಿನ ತಿರುವಲ್ಲಿಕೇಣಿಯಲ್ಲಿ ಒಂದು ಹೋಟೆಲಿನ ಬೋರ್ಡಿನಿಂದ 'ಬ್ರಾಹ್ಮಣ' ಎಂಬ ಪದ ಅಳಿಸಲು ತಿಂಗಳುಗಟ್ಟಲೆ ಚಳವಳಿ ನಡೆಯಬೇಕಾಯಿತು. ಇದಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ನಿಂತವರಿಗೆ ಒಳಗೆ ಬೇರೆ ಜಾಗದ ಮಾತೇ ಇರಲಿಲ್ಲ, ಹೊರಗೇ ನಿಲ್ಲಬೇಕು. ಮದರಾಸು ಪ್ರಾಂತ್ಯ 1938ರಲ್ಲೇ ಸಾಮಾಜಿಕ ಅನರ್ಹತೆಗಳನ್ನು ತೊಡೆಯುವ ಕಾನೂನು ತಂದಿತ್ತು. ಸ್ವತಂತ್ರ ಭಾರತದ ಸಂವಿಧಾನ 15ನೇ ವಿಧಿಯಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳ ಹೆಸರು ಹಿಡಿದು ಅಲ್ಲಿ ಯಾರನ್ನೂ ತಡೆಯಬಾರದು ಎಂದಿತು. ಬರೋಡಾದ 11ನೇ ದಿನವನ್ನು ಕಂಡವರೇ ಆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿದ್ದರು. ಹಾಗಿದ್ದೂ ಹಳ್ಳಿಯ ಚಹಾದಂಗಡಿಗಳಲ್ಲಿ ಎರಡು ಬಗೆಯ ಲೋಟ ಉಳಿದುಕೊಂಡವು. ಹೋಟೆಲಿಗೆ ಬಿಟ್ಟುಕೊಳ್ಳಲಿಲ್ಲವೆಂಬ ಸುದ್ದಿ ಇವತ್ತಿಗೂ ಪತ್ರಿಕೆಯಲ್ಲಿ ಬರುತ್ತದೆ.

ಇನ್ನು ಲಂಡನ್ನಿಗೆ ಮರಳೋಣ. ಅಲ್ಲಿ ಬಡವರಿಗಾಗಿ ನಮ್ಮ ಅಡುಗೆಯನ್ನು ಮಾಡಿದವರು ಉಡುಪಿಯವರೂ ಅಲ್ಲ, ಸಾಹೇಬರ ಅಡುಗೆಭಟ್ಟರೂ ಅಲ್ಲ. ಹಡಗಿನವರು. ಬ್ರಿಟಿಷ್ ಹಡಗುಗಳ ಬಾಯ್ಲರಿಗೆ ಕಲ್ಲಿದ್ದಲು ಹಾಕಲು, ಅಡುಗೆ ಮಾಡಲು ಕಡಿಮೆ ಕೂಲಿಗೆ ಸೇರುತ್ತಿದ್ದ ಸಿಲ್ಹೆಟ್ ಸೀಮೆಯ ನಾವಿಕರು. ಅವರಲ್ಲಿ ಕೆಲವರು ಲಂಡನ್ ಬಂದರಿನಲ್ಲಿ ಹಡಗು ಬಿಟ್ಟು ಇಳಿದು, ಹೋಟೆಲುಗಳಲ್ಲಿ ಪಾತ್ರೆ ತೊಳೆದು, ಆಮೇಲೆ ಪೂರ್ವ ಲಂಡನ್ನಿನಲ್ಲಿ ಸಣ್ಣ ಊಟದ ಮನೆಗಳನ್ನು ತೆರೆದರು. ಕಮರ್ಷಿಯಲ್ ಬೀದಿಯ ಶಾ ಜಲಾಲ್ ಕಾಫಿ ಹೌಸ್ ಅಂಥದ್ದೊಂದು. ಅದನ್ನು ನಡೆಸಿದ ಅಯೂಬ್ ಅಲಿ ಮಾಸ್ಟರ್ ಊಟದ ಜೊತೆಗೆ ನಾವಿಕರಿಗೆ ಕಾಗದ ಬರೆದುಕೊಡುತ್ತಿದ್ದರು, ಸರ್ಕಾರಿ ದಾಖಲೆ ಮಾಡಿಸಿಕೊಡುತ್ತಿದ್ದರು, ಉಳಿಯಲು ಜಾಗ ಕೊಡುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಇಂಥವರೂ ಇವರ ಹಿಂದೆ ಬಂದ ನೆಂಟರೂ ಬ್ರಿಟನ್ನಿನ ಊರೂರಿಗೆ ಹರಡಿದರು. ಬೋರ್ಡಿನ ಮೇಲೆ 'ಇಂಡಿಯನ್' ಎಂದಿದ್ದರೂ ಅಲ್ಲಿನ ಬಹುಪಾಲು ಹೋಟೆಲುಗಳು ಸಿಲ್ಹೆಟಿಗಳವು.

ಇನ್ನೊಂದು ಧಾರೆ ರಾಜಕೀಯದ್ದು. ಸ್ವಾತಂತ್ರ್ಯಕ್ಕಾಗಿ ಲಂಡನ್ನಿನಲ್ಲಿ ದುಡಿದ ಇಂಡಿಯಾ ಲೀಗ್‌ನವರು 1951ರಲ್ಲಿ ಇಂಡಿಯಾ ಕ್ಲಬ್ ಕಟ್ಟಿದರು. ವಿ.ಕೆ. ಕೃಷ್ಣ ಮೆನನ್ ಅದರ ಹಿಂದಿದ್ದರು. ಸ್ಟ್ರಾಂಡ್ ಬೀದಿಯಲ್ಲಿ, ಭಾರತೀಯ ಹೈಕಮಿಷನ್ನಿನ ಹತ್ತಿರದ ಹಳೆಯ ಕಟ್ಟಡವೊಂದರಲ್ಲಿ, ಇಕ್ಕಟ್ಟಿನ ಮೆಟ್ಟಿಲು ಹತ್ತಿ ಹೋದರೆ ಅದರ ಊಟದ ಕೋಣೆ. ಪತ್ರಕರ್ತರು, ಕಚೇರಿ ನೌಕರರು, ವಿದ್ಯಾರ್ಥಿಗಳು ದೋಸೆ ತಿನ್ನುತ್ತ ಕೂರುತ್ತಿದ್ದರು. ನಾನೂ ಕೂತಿದ್ದೇನೆ. ಕಟ್ಟಡವನ್ನು ನವೀಕರಿಸಿ ಹೊಸ ಹೋಟೆಲು ಮಾಡುವ ಯೋಜನೆಯ ಎದುರು ವರ್ಷಗಟ್ಟಲೆ ಹೋರಾಡಿ ಅದು 2023ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಅಗ್ಗದ ಊಟದ ಜಾಗಗಳು ಹೀಗೆಯೇ ಹೋಗುತ್ತವೆ. ರುಚಿ ಕೆಟ್ಟು ಅಲ್ಲ, ಬಾಡಿಗೆ ಏರಿ.

ಡ್ರಮಂಡ್ ಬೀದಿ ಇವೆಲ್ಲ ಧಾರೆಗಳು ಕೂಡಿದ ಜಾಗ. 1970ರ ದಶಕದ ಹೊತ್ತಿಗೆ ಅಲ್ಲಿ ಭೇಲ್‌ಪುರಿ, ದೋಸೆ, ಸಿಹಿತಿಂಡಿಯ ಅಂಗಡಿಗಳು ನೆಲೆಗೊಂಡಿದ್ದವು. ಗುಜರಾತಿ ತಿಂಡಿ, ನಮ್ಮ ದೋಸೆ, ಪಂಜಾಬಿ ಕಡಲೆ ಒಂದೇ ದರಪಟ್ಟಿಯಲ್ಲಿ. ನಾನು ಉಂಡ ಹೋಟೆಲಿನಲ್ಲಿ ಸಿಲ್ಹೆಟಿನ ಮುಸ್ಲಿಮನೊಬ್ಬ ದಕ್ಷಿಣದ ಶಾಕಾಹಾರ ಬಡಿಸುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ಕಟ್ಟಡ ಕೆಲಸದ ಪೋಲಿಷ್ ಯುವಕ, ಎದುರಿಗೆ ಶ್ರೀಲಂಕಾದ ನರ್ಸ್. ಊರಲ್ಲಿ ನಮ್ಮ ಹಿರಿಯರು ಪಂಕ್ತಿ ಹಂಚಿಕೊಳ್ಳದಿದ್ದವರ ಜೊತೆ ನಾನು ಉಪ್ಪಿನಕಾಯಿಯ ಭರಣಿ ಹಂಚಿಕೊಂಡಿದ್ದೆ. ನಾನು ಧೈರ್ಯವಂತನಾಗಿದ್ದೆನೆಂದು ಇದರ ಅರ್ಥವಲ್ಲ. ಅಲ್ಲಿ ಬೇರೆ ಜಾಗವೇ ಇರಲಿಲ್ಲ. ಫೋನಿನಲ್ಲಿ ಆಡಿದ ಸುಳ್ಳು ನೋಡಿದರೆ, ನನ್ನೊಳಗೆ ಬೇರೆ ಜಾಗ ಇನ್ನೂ ಇತ್ತು ಎಂದು ತಿಳಿಯುತ್ತದೆ.

ಕೆಲವು ವರ್ಷಗಳ ಮೇಲೆ ಊರಿಗೆ ಮರಳಿದೆ. ನಮ್ಮ ಸೀಮೆಯೂ ಅನೇಕರಿಗೆ ಪರದೇಶವೆಂಬುದು ಆಗ ಕಣ್ಣಿಗೆ ಬಿತ್ತು. ತುಂಗಭದ್ರಾ ಅಣೆಕಟ್ಟಿನ ನೀರು ಹರಿದ ಮೇಲೆ ಕರಾವಳಿ ಆಂಧ್ರದಿಂದ ಬಂದ ರೈತರು ಸಿರುಗುಪ್ಪದ ಸುತ್ತ ಕ್ಯಾಂಪುಗಳನ್ನು ಕಟ್ಟಿಕೊಂಡಿದ್ದರು. ಅವರ ಮೆಸ್ಸಿನ ಗೋಂಗೂರ ಚಟ್ನಿ ನನಗೆ ಚಿಕ್ಕಂದಿನಿಂದ ಗೊತ್ತಿತ್ತು, ಅದು ವಲಸೆಯ ಅಡುಗೆ ಎಂದು ಮಾತ್ರ ಹೊಳೆದಿರಲಿಲ್ಲ. ಈಗ ಬಳ್ಳಾರಿಯಿಂದ ತೋರಣಗಲ್ಲಿನ ಕಡೆ ಹೋದರೆ ಉಕ್ಕಿನ ಕಾರ್ಖಾನೆಗಳಲ್ಲಿ ದುಡಿಯಲು ಬಿಹಾರ, ಒಡಿಶಾ, ಜಾರ್ಖಂಡ್‌ಗಳಿಂದ ಬಂದವರು. ಅವರಿಗಾಗಿ ರಸ್ತೆ ಬದಿಯಲ್ಲಿ ತಗಡಿನ ಚಪ್ಪರದ ಢಾಬಾಗಳು. ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಗಾಡಿಗಳ ಪಕ್ಕದಲ್ಲೇ ಲಿಟ್ಟಿ ಚೋಖಾದ ಬೋರ್ಡು, ಹಿಂದಿಯಲ್ಲಿ.

ಹೋದ ವರ್ಷ ಅಂಥದ್ದೊಂದರಲ್ಲಿ ಕೂತು ಉಂಡೆ. ಬೇಳೆ, ಅನ್ನ, ಆಲೂಗಡ್ಡೆಯ ಪಲ್ಯ. ಮೈಮೇಲೆ ಕಾರ್ಖಾನೆಯ ಬಟ್ಟೆ ತೊಟ್ಟ ಹುಡುಗರು ಮಾತಿಲ್ಲದೆ ಗಬಗಬ ಉಣ್ಣುತ್ತಿದ್ದರು. ಯೂಸ್ಟನ್ನಿನ ಆ ಮಧ್ಯಾಹ್ನ ನಾನು ಹೇಗೆ ಕಂಡಿರಬೇಕೆಂದು ಅವರನ್ನು ನೋಡಿ ತಿಳಿಯಿತು. ಬಡಿಸುತ್ತಿದ್ದವನನ್ನು ಊರು ಕೇಳಿದೆ. ಗಯಾ ಜಿಲ್ಲೆ ಅಂದ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳಿಗೀಗ ವಯಸ್ಸಾಗಿದೆ, ಪ್ರಶ್ನೆ ಮಾತ್ರ ಹಳೆಯದೇ: 'ಅಡಿಗಿ ಯಾರು ಮಾಡ್ತಾರ ಅಲ್ಲಿ?' ಈ ಸಲ ಸುಳ್ಳು ಹೇಳಲಿಲ್ಲ. ಬಿಹಾರದ ಹುಡುಗ, ಜಾತಿ ಕೇಳಲಿಲ್ಲ ಅಂದೆ. ಲಂಡನ್ನಿನಲ್ಲಿ ನನಗೆ ಅನ್ನ ಹಾಕಿದವನು ಯಾರೆಂಬುದನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಅಕ್ಕಿ ಆರಿಸುತ್ತ ಸುಮ್ಮನೆ ಕೂತಳು. ಆಮೇಲೆ ಕೇಳಿದಳು:

'ಅಷ್ಟು ದೂರದಿಂದ ಬಂದಾನಾ? ಮತ್ತೆ ಅವ ಏನು ಉಣ್ತಾನ?'